ಅಡಿಕೆ ಜಗಿಯುತ್ತಾ ಬಾರಿಸುವ ಪೀಪಿ

ಬೇರೆಯವರು ಅಂಗಡಿಗೆ ಹೋದರೆ ಸಾಮಾನು ತರುತ್ತಾರೆ, ನಾನು ಹೋದರೆ ಒಂದು ಪ್ರಸಂಗ ತರುತ್ತೇನೆ. ಚಪ್ಪಲಿ ಕೊಳ್ಳಲು ಹೋಗಿ ಎರಡೂ ಎಡಗಾಲಿನವೇ ತಂದು, ಹರಿಯುವವರೆಗೂ ಅವನ್ನೇ ಮೆಟ್ಟಿದ ಗಿರಾಕಿ ನಾನು. ಆರನೇ ಕ್ಲಾಸಿಗೇ ಶಾಲೆಗೆ ಕೈ ಮುಗಿದು, ಲಾರಿ ಕ್ಲೀನರ್ ಆಗಿ, ಕಡಲೆಕಾಯಿ ಮಿಲ್ಲಿನಲ್ಲಿ ಚೀಲ ಹೊತ್ತು, ಎಲ್ಲೂ ಬೇರು ಬಿಡದೆ ತಿರುಗಿ, ಎಪ್ಪತ್ತರ ದಶಕದ ಕೊನೆಗೆ ಅಡಿಕೆ ಸೀಮೆ ಚನ್ನಗಿರಿಯ ಒಂದು ಮದುವೆ ಬ್ಯಾಂಡ್‌ಸೆಟ್ಟಿಗೆ ಬಂದು ಬಿದ್ದಿದ್ದೆ. ಕಟ್ಟಕಡೆಯ ಸಾಲಿನಲ್ಲಿ ನಿಂತು ತಾಳ ಬಡಿಯುವ ಕೆಲಸ. ನನ್ನ ಹಿಂದೆ ಗ್ಯಾಸ್‌ಲೈಟ್ ಹೊತ್ತವರು, ಅವರ ಹಿಂದೆ ಬೀದಿನಾಯಿಗಳು.

ಒಂದು ದಿನ ನಮ್ಮ ಬ್ಯಾಂಡ್ ಮೇಷ್ಟ್ರು ಎಲ್ಲರನ್ನೂ ಕೂರಿಸಿಕೊಂಡರು. "ಜಗಳೂರಾಗೆ ದೊಡ್ಡ ಮದುವೆ ಐತೆ. ಹೆಣ್ಣಿನ ಅಪ್ಪ ಎಲ್ಲೋ ಪೊಲೀಸ್ ಪೆರೇಡಿನಾಗೆ ಚೀಲದ ಪೀಪಿ ನೋಡ್ಯಾನಂತೆ. ಅದು ಇದ್ರೇನೇ ಬರ್ರಿ ಅಂತಾನೆ. ಯಾರು ಆರಿಸಿ ತಂದು ಬಾರಿಸ್ತೀರೋ ಅವರು ಮುಂದಿನ ಸಾಲು, ಜರಿ ಕೋಟು. ಆರಿಸಿದ್ದು ಕೆಟ್ರೆ ಬ್ಯಾಂಡಿನಿಂದ್ಲೇ ಹೊರಗೆ."

ಕೊಳಲು ಅಲ್ಪಸ್ವಲ್ಪ ಬರುತ್ತಿತ್ತು. ಕೈ ಎತ್ತಿದೆ.

ಮುಂದಿನ ಸಾಲಿನ ಕ್ಲಾರಿಯೊನೆಟ್‌ನವನು ತಿರುಗಿ ನೋಡಿದ. "ಎತ್ತಿದ ಕೈ ಇಳಿಸೋದ್ರಾಗೆ ತಾಳ ತಪ್ಪೋನು ನೀನು. ನಿನಗ್ಯಾಕಪ್ಪ ಪೀಪಿ?"

೧. ಹವಾಲ್ದಾರರ ಬನಿಯನ್

ಹೊನ್ನಾಳಿಯಲ್ಲಿ ಮಿಲಿಟರಿ ಬ್ಯಾಂಡಿನಿಂದ ರಿಟೈರಾದ ಹವಾಲ್ದಾರರೊಬ್ಬರಿದ್ದರು. ಅವರ ಹತ್ತಿರ ಎರಡು ಬ್ಯಾಗ್‌ಪೈಪ್, ಅಂದರೆ ಅದೇ ಚೀಲದ ಪೀಪಿ, ಇದ್ದವು, ಒಂದನ್ನು ಮಾರುತ್ತಾರೆ ಅಂತ ಸುದ್ದಿ. ಹೋದೆ. ದೊಡ್ಡದನ್ನು ನನ್ನ ಕಂಕುಳಿಗೆ ಸಿಕ್ಕಿಸಿ, ಊದುವ ಕೊಳವೆ ಬಾಯಿಗಿಟ್ಟು, ಎದುರಿಗೆ ನಿಂತು "ಹ್ಞಾಂ, ಜೋರಾಗಿ!" ಅಂದರು.

ಬಾಯಲ್ಲಿ ಎಲೆಅಡಿಕೆ ಇತ್ತು. ಯಾವಾಗಲೂ ಇರುತ್ತದೆ. ಅದನ್ನು ಉಗಿದು ಬರಬೇಕು ಅಂತ ನನಗೆ ಹೊಳೆಯಲೇ ಇಲ್ಲ, ಕಣ್ಣು ರೆಪ್ಪೆ ತೆಗೆದಿಟ್ಟು ಯಾರಾದರೂ ಹೊರಗೆ ಹೊರಡುತ್ತಾರಾ? ಜೋರಾಗಿ ಊದಿದೆ. ಗಾಳಿ ಚೀಲಕ್ಕೆ ಹೋಯಿತೋ ಇಲ್ಲವೋ, ಉಳಿದದ್ದೆಲ್ಲ ತುಟಿಯ ಅಕ್ಕಪಕ್ಕದಿಂದ ಹೊರಟಿತು.

ಹವಾಲ್ದಾರರು ತಣ್ಣಗೆ ಕೇಳಿದರು: "ಚನ್ನಗಿರಿ ಕಡೆಯವನೇನೋ?"

"ಹೌದು ಸಾರ್. ಹೆಂಗೆ ಗೊತ್ತಾತು?"

"ನನ್ನ ಬನಿಯನ್ ಹೇಳ್ತೈತೆ."

೨. ಅಡಿಗೆಮನೆಯ ಸರ್ಟಿಫಿಕೇಟು

ಬನಿಯನ್ ಬದಲಿಸಿಕೊಂಡು ಬಂದು ಎರಡನೆಯದನ್ನು ತೆಗೆದರು. ಸ್ಕಾಟ್ಲೆಂಡಿನ ಸ್ಮಾಲ್‌ಪೈಪ್. ಯಾವುದೋ ದೊರೆ ಬಿಟ್ಟುಹೋದದ್ದಂತೆ. ಚೀಲ ಸಣ್ಣದು. ಒಂದು ಕಂಕುಳಲ್ಲಿ ಚೀಲ, ಇನ್ನೊಂದು ಕಂಕುಳಲ್ಲಿ ಬಾರು ಬಿಗಿದ ಪುಟ್ಟ ತಿದಿ, ಕಮ್ಮಾರರದ್ದು ಇರುತ್ತದಲ್ಲ, ಅದರ ಮೊಮ್ಮಗನ ಹಾಗೆ. ಮೊಣಕೈಯಿಂದ ಒತ್ತಿದರೆ ಗಾಳಿ. ಬಾಯಿಗೆ ಕೆಲಸವೇ ಇಲ್ಲ!

"ಅಂದ್ರೆ ಇದನ್ನ ಬಾರಿಸ್ತಾ ಅಡಿಕೆ ಜಗೀಬಹುದಾ ಸಾರ್?"

"ಜಗಿ, ಬೇಕಾದ್ರೆ ಊಟ ಮಾಡು. ಆದ್ರೆ ಇದು ಮನೆಯೊಳಗೆ ಕುಂತು ಬಾರಿಸೋದು ಕಣಯ್ಯ, ಮೆರವಣಿಗೇದಲ್ಲ."

ಮೊದಲ ಮಾತಿನ ನಂತರ ನನ್ನ ಕಿವಿ ಮುಚ್ಚಿಹೋಗಿತ್ತು. ಅಷ್ಟರಲ್ಲಿ ಅವರ ಹೆಂಡತಿ ಬಾಗಿಲಿಗೆ ಬಂದರು. "ಅದನ್ನೇ ತಗೊಂಡ್ಹೋಗಪ್ಪ. ಭಾಳ ಒಳ್ಳೇದು. ಇವರು ಪಡಸಾಲ್ಯಾಗೆ ಬಾರಿಸಿದ್ರೆ ಅಡಿಗೆಮನ್ಯಾಗೆ ನಂಗೆ ಕೇಳಾಂಗೇ ಇಲ್ಲ."

ಹೆಣ್ಣುಮಕ್ಕಳೇ ಮೆಚ್ಚಿದ ಮೇಲೆ ಇನ್ನೇನು ಅಂತ ಅದನ್ನೇ ಆರಿಸಿದೆ.

೩. ಮರಿ ಟಿಕೆಟು

ನ್ಯಾಮತಿಯಲ್ಲಿ ಅಕ್ಕ ಇದ್ದಳು. ಅವಳಿಗೆ ತೋರಿಸದೆ ಊರಿಗೆ ಹೋಗುವುದುಂಟೇ? ಬಸ್ಸು ಹತ್ತಿದೆ. ಜನ ಒತ್ತಿದಾಗ ಕಂಕುಳಲ್ಲಿದ್ದ ಚೀಲ ನರಳಿತು.

ಕಂಡಕ್ಟರ್ ನಿಂತ. "ಕುರಿಮರಿ ಬಚ್ಚಿಟ್ಕೊಂಡೀಯೇನು? ಲಗೇಜ್ ಟಿಕೆಟ್ ತಗೋ."

"ಮರಿ ಅಲ್ಲ ರೀ, ವಾದ್ಯ. ಬೇಕಾದ್ರೆ ಬಾರಿಸಿ ತೋರಿಸ್ತೀನಿ."

ತಿದಿ ಬಿಗಿದು ಬಾರಿಸತೊಡಗಿದೆ. ಪ್ರತಿ ಸಲ ಮೊಣಕೈ ಹೊರಗೆ ಬಂದಾಗಲೂ ಪಕ್ಕದ ಅಜ್ಜನ ಪಕ್ಕೆಗೆ ಬೀಳುತ್ತಿತ್ತು. ಅಜ್ಜ ಪುಣ್ಯಾತ್ಮ, ಪಲ್ಲವಿ ಮುಗಿಯುವವರೆಗೆ ತಡೆದುಕೊಂಡ. ಆಮೇಲೆ ಕಂಡಕ್ಟರ್ ಕಡೆ ತಿರುಗಿ, "ಅವನು ಹೇಳೋದು ದಿಟ ಕಣಪ್ಪ," ಅಂದ. "ಮರಿ ಆಗಿದ್ರೆ ಒಂದ್ಸಲ ಗುದ್ದಿ ಸುಮ್ಮನಾಗ್ತಿತ್ತು."

೪. ಹುಣಸೆಹಣ್ಣಿನ ದಿನ

ಚನ್ನಗಿರಿಗೆ ಬಂದ ದಿನ ನಮ್ಮ ಹಿತ್ತಾಳೆ ವಾದ್ಯಗಳಿಗೆಲ್ಲ ಹುಣಸೆಹಣ್ಣು ಹಚ್ಚಿ ಉಜ್ಜಲು ಇಟ್ಟಿದ್ದರು. ಹೀಗಾಗಿ ಬಾಗಿಲು ಹಾಕಿದ ಕೋಣೆಯಲ್ಲಿ ನನ್ನದೊಂದೇ ದನಿ. ಇಂಪಾಗಿಯೇ ಇತ್ತು. ಮೇಷ್ಟ್ರು ಕಣ್ಣು ಮುಚ್ಚಿ ತಲೆದೂಗಿದರು. "ಕೋಣ್ಯಾಗೇ ಹಿಂಗೆ, ಬಯಲಿಗೆ ಹೋದ್ರೆ ಇನ್ನೆಂಗಿರಬ್ಯಾಡ!"

ಕ್ಲಾರಿಯೊನೆಟ್‌ನವನು ಮಾತ್ರ ಗಾಳಿಯಲ್ಲಿ ಪಟ್ಟನೆ ಚಪ್ಪಾಳೆ ಹೊಡೆದ. "ಸೊಳ್ಳೆ ಅಂತ ಮಾಡಿದ್ದೆ," ಅಂದ.

೫. ಜಗಳೂರಿನ ದಮ್ಮು

ಜಗಳೂರಿನಲ್ಲಿ ಗಂಡಿನ ಕಡೆಯವರನ್ನು ಬಸ್‌ಸ್ಟ್ಯಾಂಡಿನಿಂದ ಎದುರುಗೊಳ್ಳುವ ಮೆರವಣಿಗೆ, ಇಳಿಹೊತ್ತು. ಮುಂದಿನ ಸಾಲಿನಲ್ಲಿ ಜರಿ ಕೋಟು ತೊಟ್ಟು ನಾನು. ಮೇಷ್ಟ್ರು ಕೈ ಎತ್ತಿದರು. ಡೋಲು ಗುಡುಗಿತು, ತುತ್ತೂರಿ ಕೂಗಿತು. ನನ್ನ ಪೀಪಿ ಎಲ್ಲಿ ಹೋಯಿತೋ, ಬಾರಿಸುತ್ತಿದ್ದ ನನಗೇ ಪತ್ತೆ ಇಲ್ಲ.

"ಊದೋ!" ಅಂತ ಮೇಷ್ಟ್ರು ಹಲ್ಲು ಕಡಿದರು.

ಬಾರಿಸ್ತಾನೇ ಇದ್ದೀನಿ ಅನ್ನಬೇಕು, ಬಾಯಿ ತುಂಬ ಎಲೆಅಡಿಕೆ. ಹೆದರಿಕೆಗೆ ಅವತ್ತು ಎರಡೂ ಕೆನ್ನೆಗೆ ತುಂಬಿಕೊಂಡಿದ್ದೆ. ಮೊಣಕೈಯನ್ನೇ ಇನ್ನೂ ಜೋರಾಗಿ ಆಡಿಸಿದೆ. ಜಗುಲಿ ಮೇಲಿದ್ದ ಒಬ್ಬಾಕೆ ಮರುಗಿದಳು. "ಪಾಪ, ಕಂಕುಳಾಗೆ ಕುರು ಎದ್ದೈತೇನೋ. ಅಂಥೋನನ್ನ ಯಾಕ್ರೀ ಕರ್ಕೊಂಡು ಬಂದ್ರಿ?"

ಆ ಮಾತಿಗೆ ರೋಷ ಬಂದು ಒಂದು ಒತ್ತು ಒತ್ತಿದೆ ನೋಡಿ, ತಿದಿಯ ಬಾರು ಕಿತ್ತುಬಂತು. ಗಾಳಿ ಬಂದ್. ನಿಂತರೆ ಕೋಟು ಹೋಯಿತು, ಬ್ಯಾಂಡೂ ಹೋಯಿತು. ತಿದಿಯನ್ನು ಕಂಕುಳಲ್ಲಿ ಅವುಚಿಕೊಂಡು, ಬೆರಳು ಆಡಿಸುತ್ತಾ, ಸುಮ್ಮನೆ ಮೊಣಕೈ ಬಡಿಯುತ್ತಾ ನಡೆದೆ. ಪಕ್ಕದಲ್ಲಿ ಕ್ಲಾರಿಯೊನೆಟ್‌ನವನು ಅವತ್ತು ನನ್ನನ್ನು ಮುಳುಗಿಸಲೆಂದೇ ಜೀವ ಬಿಟ್ಟು ನುಡಿಸುತ್ತಿದ್ದ. ಎಂಥಾ ನಾದ ಅಂತೀರಿ!

ಮನೆ ಮುಂದೆ ಮೆರವಣಿಗೆ ನಿಂತಿತು. ಹೆಣ್ಣಿನ ಅಪ್ಪ ಜನರನ್ನು ಸರಿಸಿಕೊಂಡು ಸೀದಾ ನನ್ನ ಕಡೆಗೇ ಬಂದ. ಸಿಕ್ಕಿಬಿದ್ದೆ ಅಂತ ಉಗುಳನ್ನು ಅಡಿಕೆ ಸಮೇತ ನುಂಗಿದೆ. ಆತ ತನ್ನ ಹೆಗಲ ಮೇಲಿನ ಶಾಲು ತೆಗೆದು ನನಗೆ ಹೊದಿಸಿದ.

"ಏನು ದಮ್ಮು ರೀ ನಿಮ್ದು! ಬಸ್‌ಸ್ಟ್ಯಾಂಡಿಂದ ನೋಡ್ತಾ ಇದ್ದೀನಿ, ಉಬ್ಬಿದ ಕೆನ್ನೆ ಇಳೀಲೇ ಇಲ್ಲ. ಎಲ್ಲಾ ವಾದ್ಯದ ಮೇಲೆ ನಿಮ್ಮ ಪೀಪಿದೇ ದನಿ!" ಆಮೇಲೆ ಕ್ಲಾರಿಯೊನೆಟ್‌ನವನ ಬೆನ್ನು ತಟ್ಟಿ, "ನೀನೂ ಇವರಂಗೆ ಜೋರಾಗಿ ಊದೋದು ಕಲಿಯಪ್ಪ," ಅಂದ.

ಆತ ಒಳಗೆ ಹೋದ ಮೇಲೆ ಮೇಷ್ಟ್ರು ಹತ್ತಿರ ಬಂದು ಜೋತುಬಿದ್ದಿದ್ದ ಬಾರನ್ನು ನೋಡಿದರು, ನನ್ನ ಶಾಲು ನೋಡಿದರು. ಕೋಟಿನ ಗುಂಡಿಗೆ ಕೈ ಹಾಕಿದೆ, ಬಿಚ್ಚಿಕೊಡೋಣ ಅಂತ.

"ಇರಲಿ ಬಿಡೋ," ಅಂದರು. "ಇನ್ಮೇಲೆ ಮುಂದಿನ ಸಾಲು ನಿಂದೇ. ಆ ಬಾರು ಮಾತ್ರ ಹೊಲಿಸಬ್ಯಾಡ."