ಕಪ್ಪೆಯನ್ನು ಮನೆಗೆ ಮುಟ್ಟಿಸುವುದು

ಕಪ್ಪೆಗಳಿಗೂ ಕಾಯಂ ವಿಳಾಸವಿರುತ್ತದೆ ಎಂದು ನಂಬಿರುವ ಏಕೈಕ ಹೆಂಗಸು ನಮ್ಮ ಕಾಕು, ಅಂದರೆ ಚಿಕ್ಕಪ್ಪನ ಹೆಂಡತಿ. ಬರೀ ನಂಬಿದ್ದರೆ ಸಹಿಸಬಹುದಿತ್ತು. ಅವುಗಳನ್ನು ಅಲ್ಲಿಗೆ ಮುಟ್ಟಿಸುವ ಕೆಲಸ ನಮ್ಮದು!

ನಾವು ಜೈನರು. ನೀರು ಸೋಸಿದ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಯಾವ ಬಾವಿಯ ನೀರೋ ಅದೇ ಬಾವಿಗೆ ಬಿಡುವುದು ನಮ್ಮಲ್ಲಿ ಹಳೆಯ ಪದ್ಧತಿ. ಕಣ್ಣಿಗೆ ಕಾಣದ ಜೀವಕ್ಕೇ ಇಷ್ಟು ಮರ್ಯಾದೆ ಇರುವಾಗ, ಕಣ್ಣು ಬಿಟ್ಟುಕೊಂಡು ಕೂತ ಕಪ್ಪೆಗೆ ಯಾಕಿಲ್ಲ ಎಂಬುದು ಕಾಕುವಿನ ವಾದ. ಒಮ್ಮೆ ಗಡಹಿಂಗ್ಲಜದ ಮದುವೆ ಮುಗಿಸಿ ಇಚಲಕರಂಜಿಯ ಮನೆಗೆ ಬಂದಾಗ ಕೈಚೀಲದಲ್ಲಿ ಕಪ್ಪೆ ಸಿಕ್ಕಿತು. ಅದನ್ನು ಬಿಟ್ಟುಬರಲು ಕಾಕಾ ಮತ್ತೆ ಎಸ್.ಟಿ. ಬಸ್ಸು ಹತ್ತಿದ. ಹೋದವನು ತಿರುಗಿ ಬಂದದ್ದು ಕಂಡು ಬೀಗರಿಗೆ ಗಾಬರಿ. "ಮಾನಪಾನದಾಗ ಏನರ ಕಮ್ಮಿ ಆತೇನ್ರೀ?" ಎಂದು ಮರ್ಯಾದೆಗೆ ಇನ್ನೊಂದು ಟೋಪಿ, ಟವೆಲ್ಲು ಕೊಟ್ಟು ಕಳಿಸಿದರು.

ಕೊಲ್ಹಾಪುರದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ನನ್ನ ಅಣ್ಣ ತಿಳಿಹೇಳಲು ನೋಡಿದ.

"ಕಾಕು, ಇವು ನೀರಿನ ಮ್ಯಾಲೆ ಜಿಗಿಜಿಗಿದು ಓಡೋ ಕಪ್ಪಿ. ಜಾತಿ ನಾಕಾರು ಅದಾವ, ಕುಲ ಒಂದ. ಯಾವ ಕೆರಿಗೆ ಬಿಟ್ಟರೂ ನಡೀತೈತಿ."

"ನಾನೂ ನಿಮ್ಮ ಕಾಕಾನೂ ಒಂದ ಸಮಾಜದವರು. ಈ ಮನಿ ನೀರು ನನಗ ಒಗ್ಗಾಕ ಹತ್ತು ವರ್ಷ ಹಿಡೀತು!"

ಕಾಕಾ ಪೇಪರಿನ ಹಿಂದೆ ಮರೆಯಾದ.

ಕಾಕುವಿನ ತವರು ದತ್ತವಾಡ. ತಾಯಿ ತೀರಿಕೊಂಡ ಮೇಲೆ ತಾಯಿಯ ಎಮ್ಮೆಯನ್ನು ತಮ್ಮ ಹೇಳದೆ ಕೇಳದೆ ಮಾರಿದನೆಂದು ಜಗಳವಾಗಿ, ಮಾತು ನಿಂತಿತ್ತು. ನಾಗರಪಂಚಮಿಗೆ ಅಕ್ಕನನ್ನು ಕರೆಯಲು ಬರುವುದನ್ನೂ ಅವನು ಬಿಟ್ಟ. ಕರೆಯದೆ ಹೋಗುವ ಹೆಂಗಸಲ್ಲ ಕಾಕು. ಆದರೂ ಹಬ್ಬ ಹತ್ತಿರ ಬಂದಾಗ ಬಾಗಿಲಲ್ಲಿ ಬೈಕಿನ ಸದ್ದಾದರೆ ಎದ್ದು ಹೋಗಿ ನೋಡುತ್ತಿದ್ದಳು.

ಈ ಸಲ ಪಂಚಮಿಯ ಮುನ್ನಾದಿನ, ದತ್ತವಾಡದ ನೆರೆಯವರು ಕೊಟ್ಟುಹೋದ ಪಲ್ಯದ ಸೊಪ್ಪಿನ ಚೀಲದಿಂದ ಒಂದು ಕಪ್ಪೆ ಹಾರಿತು. ಸೊಪ್ಪು ತೊಳೆದದ್ದು ತಮ್ಮನ ಬಾವಿಯಲ್ಲಂತೆ. ಕಾಕುವಿನ ಮುಖ ನೋಡಬೇಕಿತ್ತು!

"ನಾ ಏನ್ ಹಬ್ಬಕ್ಕ ಹೊಂಟಿಲ್ಲವಾ. ಕಪ್ಪಿ ಬಿಡಾಕ ಹೊಂಟೇನಿ," ಎಂದು ಕಪ್ಪೆಯನ್ನು ತಂಬಿಗೆಯಲ್ಲಿಟ್ಟು, ಒದ್ದೆ ಬಟ್ಟೆ ಮುಚ್ಚಿ, ನನ್ನ ಸ್ಕೂಟಿ ಹತ್ತಿದಳು. ಕಪ್ಪೆ ಬಿಡಲು ಇಳಕಲ್ ಸೀರೆ ಯಾಕೆ? ನಾನು ಸ್ಕೂಟಿ ಚಾಲೂ ಮಾಡಿದೆ.

ಬಾವಿಯ ಹತ್ತಿರವೇ ತಮ್ಮ ಇದ್ದ. "ಯಾಕ ಬಂದಿ?" ಎಂದ.

"ನಿನ್ನ ಬಾವಿ ಕಪ್ಪಿ ಕೊಡಾಕ." ಕಾಕು ಗತ್ತಿನಿಂದ ಬಟ್ಟೆ ಸರಿಸಿದಳು. ತಂಬಿಗೆ ಖಾಲಿ! ದಾರಿಯ ಯಾವ ತಗ್ಗಿನಲ್ಲಿ ಹಾರಿಹೋಯಿತೋ.

ತವರಿಗೆ ಬರಲು ಅವಳಿಗಿದ್ದ ಒಂದೇ ನೆಪ ಅದು. ಕಾಕು ಬಟ್ಟೆಯನ್ನು ಕೊಡವಿ ಕೊಡವಿ ನೋಡಿದಳು. ನಾನು ಸ್ಕೂಟಿ ತಿರುಗಿಸಲೋ ಬೇಡವೋ ತಿಳಿಯದೆ ನಿಂತೆ.

ತಮ್ಮ ಹತ್ತಿರ ಬಂದು ತಂಬಿಗೆಯಲ್ಲಿ ಇಣುಕಿದ. ಆಮೇಲೆ ಬಾವಿಯಲ್ಲಿ ಇಣುಕಿದ. ಅಲ್ಲಿ ನೀರಿನ ಮೇಲೆ ಕಣ್ಣಷ್ಟೇ ಕಾಣುವಂತೆ ಬೇಕಾದಷ್ಟು ಕಪ್ಪೆಗಳು ತೇಲುತ್ತಿದ್ದವು.

"ಅದು ಆಗಲೇ ಬಂದು ಮುಟ್ಟೇತಿ ನೋಡಕ್ಕಾ," ಎಂದ. "ನೀನ ಭಾಳ ತಡಾ ಮಾಡಿದಿ. ನಡಿ, ಒಳಗ."