ಬಿಡಲೊಲ್ಲದ ಬ್ರೇಕು

ಜನರೆಲ್ಲ ಎಲ್ಲಿಗಾದರೂ ಹೋಗಲಿಕ್ಕೆಂದು ಕಾರು ಇಟ್ಟುಕೊಳ್ಳುತ್ತಾರೆ. ನಮ್ಮ ಕಾಕಾ ಮಾತ್ರ ಕಾರು ಇಟ್ಟುಕೊಂಡಿರುವುದು ಅದನ್ನು ನಿಲ್ಲಿಸಲಿಕ್ಕೆ. ಸುಳ್ಳಲ್ಲ, ಬೇಕಾದರೆ ಕೋಲ್ಕತ್ತದ ಟಾಲಿಗಂಜ್‌ಗೆ ಬಂದು ನೋಡಿ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಧಾರವಾಡದಿಂದ ರೈಲ್ವೆ ನೌಕರಿ ಹಿಡಿದು ಕೋಲ್ಕತ್ತಕ್ಕೆ ಬಂದವರು, ರೈಲು ಡಬ್ಬಿಗಳ ಬ್ರೇಕು ತಪಾಸಣೆ ಮಾಡುತ್ತ ಮಾಡುತ್ತಲೇ ನಿವೃತ್ತರಾಗಿ ಇಲ್ಲಿಯೇ ಉಳಿದರು. ಬ್ಯಾಂಕಿನವರು ನನ್ನನ್ನು ಇಲ್ಲಿಗೆ ವರ್ಗ ಮಾಡಿದ ಮೇಲೆ ನಾನೂ ಅವರ ಮನೆಯ ಮೇಲಿನ ಕೋಣೆ ಸೇರಿಕೊಂಡೆ. ಬಂದ ದಿನವೇ ಉಪದೇಶ ಸಿಕ್ಕಿತು: “ತಮ್ಮಾ, ಹೊಂಡೂದು ಯಾರಿಗೂ ಬರ್ತದ. ನಿಲ್ಲೂದು ಕಲೀಬೇಕು.”

ಅವರ ಇಪ್ಪತ್ತೆರಡು ವರ್ಷದ ಬಿಳಿ ಕಾರು ನಿಲ್ಲುವುದೆಂದರೆ ಮೇಲ್ ಗಾಡಿ ಜಂಕ್ಷನ್ನಿನಲ್ಲಿ ನಿಂತ ಹಾಗೆ. ಮೊದಲು ಎರಡೂ ಕೈಯಿಂದ ಹ್ಯಾಂಡ್‌ಬ್ರೇಕ್ ಎಳೆಯುತ್ತಾರೆ, ಬಾವಿಯಿಂದ ಕೊಡ ಎಳೆದಂತೆ. ಆಮೇಲೆ ಹಿಂದಿನ ಸೀಟಿನ ಕೈಚೀಲದಿಂದ ನಾಲ್ಕು ಕಟ್ಟಿಗೆಯ ತುಂಡು ತೆಗೆದು ನಾಲ್ಕು ಗಾಲಿಗೂ ಅಡ್ಡ ಕೊಡುತ್ತಾರೆ. ಕಡೆಗೆ ಪ್ರದಕ್ಷಿಣೆ! ಒಂದೊಂದು ಗಾಲಿಯ ಮುಂದೆಯೂ ಬಗ್ಗಿ, ಮಗುವಿನ ಜ್ವರ ನೋಡುವಂತೆ ಅಂಗೈಯ ಹಿಂಭಾಗವನ್ನು ಮುಟ್ಟಿಸುತ್ತಾರೆ. ಬ್ರೇಕು ಹಿಡಿದುಕೊಂಡಿದ್ದರೆ ಗಾಲಿ ಬಿಸಿಯಾಗುತ್ತದಂತೆ. ರೈಲ್ವೆಯಲ್ಲಿ ಬಿದ್ದ ರೂಢಿ, ನಿವೃತ್ತಿಯ ಕಾಗದ ಬಂದರೂ ಅದಕ್ಕೆ ತಲುಪಿಲ್ಲ.

ಒಮ್ಮೆ ಬ್ಯಾಡಗಿ ಮೆಣಸಿನಕಾಯಿ ತರಲೆಂದು ಲೇಕ್ ಮಾರ್ಕೆಟ್‌ಗೆ ಹೋದಾಗ ಇದೆಲ್ಲ ಇಕ್ಕಟ್ಟಿನ ರಸ್ತೆಯ ಪಕ್ಕದಲ್ಲೇ ನಡೆಯಿತು. ಹಿಂದೆ ಟ್ಯಾಕ್ಸಿಗಳು ಬಾಯಿ ಬಡಿದುಕೊಳ್ಳುತ್ತಿದ್ದವು. ಬಿಳಿ ಸಮವಸ್ತ್ರದ ಪೊಲೀಸಿನವನು ಓಡಿಬಂದ. ಆದರೆ ಕಾಕಾ ನಾಲ್ಕನೆಯ ಗಾಲಿ ಮುಟ್ಟುತ್ತಿದ್ದುದನ್ನು ಕಂಡು ಗಪ್ಪನೆ ನಿಂತುಬಿಟ್ಟ. ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ, “ಇವತ್ತು ಯಾವ ಪೂಜೆ?” ದಿನಕ್ಕೊಂದು ಪೂಜೆಯಿರುವ ಊರು. ಪಾಪ, ತನಗೆ ಒಂದು ತಪ್ಪಿಹೋಯಿತೆಂದು ಗಾಬರಿಯಾಗಿದ್ದ.

ಹೀಗಿರುವಾಗ ಜ್ಯೇಷ್ಠದಲ್ಲಿ ಕಾಕಾನ ಹೆಂಡತಿ, ನಮ್ಮ ಕಾಕುವಿನ ಮೊಣಕಾಲಿನ ಆಪರೇಷನ್ ಆಯಿತು. ಕಾಕು ಕೇಳಿದ್ದು ಒಂದೇ: “ನನ್ನ ಕಾಲಮ್ಯಾಲೆ ನಾ ನಿಂತ ಮ್ಯಾಲೆ ಮೊದಲು ದಕ್ಷಿಣೇಶ್ವರಕ್ಕ ಕರಕೊಂಡು ಹೋಗ್ರಿ. ಗಂಗಾ ನೋಡಬೇಕು.” ಡಾಕ್ಟರರು ನಾಲ್ಕು ತಿಂಗಳು ಮನೆ ಬಿಡಬೇಡಿ ಎಂದರು. ಕಾಲು ಬಾತು ಬಿಸಿಯಾದರೆ ಮಾತ್ರ ಕೂಡಲೇ ಫೋನು ಮಾಡಿ ಎಂದರು. ಆ ನಾಲ್ಕು ತಿಂಗಳೂ ಕಾಕಾ ಕಾಯಿಪಲ್ಯೆಗೂ ಔಷಧಿಗೂ ಆಟೋದಲ್ಲಿ, ಮೆಟ್ರೋದಲ್ಲಿ, ಕಾಲ್ನಡಿಗೆಯಲ್ಲಿ ಓಡಾಡಿದರು. ಯಾಕೆಂದು ಕೇಳಿದರೆ ದಿನಕ್ಕೊಂದು ನೆವ. ಒಂದು ದಿನ ಮಳೆ, ಒಂದು ದಿನ ಪೂಜೆಯ ಗದ್ದಲ. ಇನ್ನೊಂದು ದಿನ, “ನನಗೂ ವ್ಯಾಯಾಮ ಬೇಕಲಾ?” ಪೆಟ್ರೋಲು ಉಳಿಸುತ್ತಿದ್ದಾರೆಂದು ಕಾಕು ನಕ್ಕರು. ನಾನೂ ನಕ್ಕೆ.

ಅಂತೂ ಡಾಕ್ಟರರು ಹೂಂ ಎಂದರು. ಭಾನುವಾರ ದಕ್ಷಿಣೇಶ್ವರ ಎಂದು ಗೊತ್ತಾಯಿತು. ಶನಿವಾರ ಬೆಳಿಗ್ಗೆ ನಾನೂ ಕಾಕಾನೂ ಕಾರನ್ನು ಒಂದು ಸುತ್ತು ಹಾಕಿಸಿ ತರೋಣವೆಂದು ಹೊರಟೆವು.

ಕಾರು ಹೊರಡಲೊಲ್ಲದು! ಗುರುಗುಟ್ಟಿತು, ನಡುಗಿತು, ತವರಿನಿಂದ ಹೊರಟ ಹೊಸ ಸೊಸೆಯಂತೆ ಹಿಂದಕ್ಕೇ ಜಗ್ಗಿತು. ಕಾಕಾ ಪೆಟ್ರೋಲು ಹಳೆಯದಾಗಿದೆ ಎಂದರು. ಗಾಲಿಯಲ್ಲಿ ಗಾಳಿ ಕಡಿಮೆ ಎಂದರು. ಎರಡು ಗಲ್ಲಿ ದಾಟುವಷ್ಟರಲ್ಲಿ ಓರೆಗಣ್ಣಿನಿಂದ ನನ್ನನ್ನೇ ನೋಡತೊಡಗಿದರು.

“ಈಗ ನಿನ್ನ ತೂಕ ಎಷ್ಟದ?”

“ಕಾಕಾ, ಬ್ರೇಕ್ ಹಿಡಕೊಂಡಿರಬೇಕು ನೋಡ್ರಿ.”

“ನನ್ನ ಗಾಡಿದು?” ಎಂದರು. ಪುರೋಹಿತರ ಮನೆಯಲ್ಲಿ ಮಡಿ ಕೆಟ್ಟಿದೆ ಎಂದು ನಾನು ಹೇಳಿದಂತಾಯಿತು. ಅಷ್ಟರಲ್ಲಿ ಸುಟ್ಟ ವಾಸನೆ ಬಂತು. ಇಳಿದು, ಎಂದಿನಂತೆ ಪ್ರದಕ್ಷಿಣೆ ಹಾಕಿದರು. ಮುಂದಿನ ಗಾಲಿಗಳು ತಣ್ಣಗಿದ್ದವು. ಹಿಂದಿನದನ್ನು ಮುಟ್ಟಿದವರು ಕೈಯನ್ನು ಚಟಕ್ಕನೆ ಹಿಂದಕ್ಕೆಳೆದು, ಬಹಳ ಹೊತ್ತು ಊದಿಕೊಳ್ಳುತ್ತ ನಿಂತರು. ತೆವಳಿಸುತ್ತಲೇ ಕಾರನ್ನು ಮನೆಗೆ ತಂದೆವು.

ನಾನು ಫೋನು ತೆಗೆದು, “ನಾಳೆ ಬಾಡಿಗಿ ಗಾಡಿ ಕರಸ್ತೀನಿ” ಎಂದೆ.

“ಆ ಡ್ರೈವರ್ ಬ್ರೇಕ್ ಹೆಂಗ ಹೊಡೀತಾನೋ ಯಾರಿಗೊತ್ತು? ಆಕಿ ಮೊಣಕಾಲು ಡ್ಯಾಶ್‌ಬೋರ್ಡಿಗೆ ಬಡದ್ರ?” ಎಂದು ಕಾಕಾ ಗಲ್ಲಿಯ ಮಿಸ್ತ್ರಿಯನ್ನು ಕರೆಸಿದರು. ಇಲ್ಲಿ ಮೆಕ್ಯಾನಿಕ್ಕಿಗೆ ಹಾಗೆನ್ನುತ್ತಾರೆ. ಕಾಕು ಕೋಲು ಹಿಡಿದು ವರಾಂಡಕ್ಕೆ ಬಂದು ಕುರ್ಚಿಯಲ್ಲಿ ಕುಳಿತರು. ಕಾರಿನ ಜತೆ ತಮ್ಮ ಭಾನುವಾರವೂ ಜಾಕಿನ ಮೇಲೆ ಏರಿದ್ದು ಅವರಿಗೆ ಗೊತ್ತಿತ್ತು.

ಮಿಸ್ತ್ರಿ ಒಂದೊಂದೇ ಗಾಲಿ ಎತ್ತಿ ಕೈಯಿಂದ ತಿರುಗಿಸಿದ. ಮುಂದಿನವೆರಡೂ ಸಲೀಸಾಗಿ ತಿರುಗಿದವು. ಹಿಂದಿನವು ಅಲುಗಾಡಲಿಲ್ಲ. ಪೆಡಲ್ ಒತ್ತಿದರೆ ನಾಲ್ಕೂ ಗಾಲಿಗೆ ಹಿಡಿಯುತ್ತದೆ, ಹ್ಯಾಂಡ್‌ಬ್ರೇಕ್ ಹಿಂದಿನವೆರಡಕ್ಕೆ ಮಾತ್ರ. ಹಾಗಾಗಿ ಕಳ್ಳ ಯಾರೆಂದು ಹುಡುಕುವ ಕಷ್ಟವೇ ಇರಲಿಲ್ಲ. ಸೀಟಿನ ಪಕ್ಕದ ಹಿಡಿಕೆ ಕೆಳಗಿಳಿದಿತ್ತು, ಅದರ ಕೇಬಲ್ ಮಾತ್ರ ತುಕ್ಕು ಹಿಡಿದು ಎಳೆದಲ್ಲೇ ನಿಂತುಬಿಟ್ಟಿತ್ತು. ಗಾಲಿಯೊಳಗಿನ ಬ್ರೇಕಿನ ಡ್ರಮ್ಮಿಗೆ ಮಿಸ್ತ್ರಿ ಸುತ್ತಿಗೆಯಿಂದ ತಟ್ಟಲು ಹೋದಾಗ ಕಾಕಾ ಸುತ್ತಿಗೆ ಕಸಿದುಕೊಂಡರು. “ಸಪ್ಪಳ ಕೇಳಿ ಹೊಡೀಬೇಕು” ಎಂದು ಕಿವಿಯಿಟ್ಟು ಕೇಳುತ್ತ ಕೇಳುತ್ತ, ಮೂರನೆಯ ಪೆಟ್ಟು ತಮ್ಮ ಹೆಬ್ಬೆರಳಿಗೇ ಹಾಕಿಕೊಂಡರು. ಸಪ್ಪಳ ಎಲ್ಲರಿಗೂ ಕೇಳಿಸಿತು.

ಡ್ರಮ್ಮು ಬಿಚ್ಚಿದಾಗ ಕೆಂಪು ಪುಡಿ ಸುರಿಯಿತು. ಮಿಸ್ತ್ರಿ ಬಂಗಾಳಿಯಲ್ಲಿ, ಅಜ್ಜನನ್ನು ಕರೆದಂತೆ ಕೇಳಿದ, “ದಾದು, ಹ್ಯಾಂಡ್‌ಬ್ರೇಕ್ ಎಷ್ಟು ದಿನದಿಂದ ಎಳೆದಿಟ್ಟಿದ್ದಿರಿ?”

“ನಾಲ್ಕು ತಿಂಗಳು.”

“ಇಡೀ ಮಳೆಗಾಲ! ಯಾಕೆ?”

“ಗಾಡಿ ಉರುಳಿ ಹೋದರೆ?”

ಮಿಸ್ತ್ರಿ ಗಲ್ಲಿಯನ್ನು ಆ ತುದಿಯಿಂದ ಈ ತುದಿಗೆ ನೋಡಿದ. ಟಾಲಿಗಂಜ್‌ನಲ್ಲಿ ಮಳೆನೀರಿಗೇ ಯಾವ ಕಡೆ ಹರಿಯಬೇಕೆಂದು ತಿಳಿಯದೆ ಎರಡು ದಿನ ನಿಂತಿರುತ್ತದೆ. ಕಾರು ಉರುಳಿ ಎಲ್ಲಿಗೆ ಹೋದೀತು? “ಒಂದೇ ಒಂದು ಸಲ ಓಡಿಸಿದ್ದರೂ ಹೀಗಾಗುತ್ತಿರಲಿಲ್ಲ. ಒಂದು ಸಲವೂ ಯಾಕೆ ಹೊರಗೆ ತೆಗೆಯಲಿಲ್ಲ?” ಎಂದು ಆತ ಬಿಡದೆ ಕೇಳಿದ.

ಕಾಕಾ ಆ ಕಡೆ ತಿರುಗಿದರು. ನಲವತ್ತು ವರ್ಷದಿಂದ ಈ ಊರಿನಲ್ಲಿ ಅವರಿಗೊಂದು ಅಭ್ಯಾಸ: ಯಾರಿಗೂ ತಿಳಿಯಬಾರದ ಮಾತಿದ್ದರೆ ಕನ್ನಡದಲ್ಲಿ ಗೊಣಗಿಬಿಡುವುದು. ಮೀನಿನ ಅಂಗಡಿಯವನನ್ನು, ಮೇಲಧಿಕಾರಿಯನ್ನು, ಎಲ್ಲರನ್ನೂ ಹಾಗೆಯೇ ಬೈದು ಬದುಕಿದವರು. ಈಗಲೂ ಹಾಗೆಯೇ ಗೊಣಗಿದರು.

“ಬಾಜೂಕಿನ ಸೀಟಿನಾಗ ಆಕಿ ಇಲ್ಲದ ಹೆಂಗ ತಗೀಲೋ? ಖಾಲಿ ಸೀಟು ನೋಡ್ಲಿಕ್ಕಾಗ್ತಿರ್ಲಿಲ್ಲ ನನಗ.”

ಮಿಸ್ತ್ರಿಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೆ ಆ ಮಾತು ಯಾರಿಗೆ ತಿಳಿಯಬಾರದಿತ್ತೋ ಅವರೇ ವರಾಂಡದಲ್ಲಿ ಕುಳಿತಿದ್ದರು. ಕಾಕು ಸೆರಗಿನಿಂದ ಕನ್ನಡಕ ಒರೆಸಿಕೊಂಡರು. ಪೆಟ್ರೋಲು ಉಳಿಸುತ್ತಾರೆಂದು ನಕ್ಕಿದ್ದ ನನಗೆ ನಾಚಿಕೆಯಾಯಿತು. ಮಿಸ್ತ್ರಿಗೆ ಸ್ಪ್ಯಾನರು ಎತ್ತಿಕೊಡುವ ನೆವದಲ್ಲಿ ಕೆಳಗೆ ಬಗ್ಗಿದೆ.

ಸಂಜೆಯ ಹೊತ್ತಿಗೆ ಡ್ರಮ್ಮು ಉಜ್ಜಿ, ಹೊಸ ಕೇಬಲ್ ಹಾಕಿ ಆಗಿತ್ತು. ಬೆರಳಿನಿಂದ ತಳ್ಳಿದರೂ ಗಾಲಿ ಗರಗರ ತಿರುಗಿತು. ಮಿಸ್ತ್ರಿ ಹೋಗುವಾಗ, “ದಾದು, ಇನ್ನು ಮೇಲೆ ಗೇರಿನಲ್ಲಿಟ್ಟು ಕಟ್ಟಿಗೆ ಕೊಡಿ, ಸಾಕು” ಎಂದು ಕೈ ಮುಗಿದ.

ಭಾನುವಾರ ಕಾಕು ಇಳಕಲ್ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕುಳಿತರು. ದಕ್ಷಿಣೇಶ್ವರದವರೆಗೆ ಕಾಕಾ ಒಂದು ಜರ್ಕೂ ಬೀಳಗೊಡಲಿಲ್ಲ. ಹಿಂದೆ ಹಾರ್ನು ಹೊಡೆದವರೆಲ್ಲ ಧಾರವಾಡದ ಕನ್ನಡದಲ್ಲಿ ಬೈಸಿಕೊಂಡರು. ಕಾರು ನಿಂತಿತು. ಕಾಕಾನ ಕೈ ಹ್ಯಾಂಡ್‌ಬ್ರೇಕಿನ ತನಕ ಹೋಗಿ, ತಡೆದು, ವಾಪಸು ಬಂತು. ಕಟ್ಟಿಗೆ ಇಟ್ಟರು. ಪ್ರದಕ್ಷಿಣೆ ಶುರುವಾಯಿತು. ನಾಲ್ಕೂ ಗಾಲಿ ತಣ್ಣಗಿದ್ದವು.

ಆಮೇಲೆ ಕಾಕುವಿನ ಬಾಗಿಲು ತೆಗೆದು, ಬಗ್ಗಿ, ಅದೇ ಅಂಗೈಯ ಹಿಂಭಾಗವನ್ನು ಸೀರೆಯ ಮೇಲಿಂದಲೇ ಅವರ ಮೊಣಕಾಲಿಗೆ ಮುಟ್ಟಿಸಿ ನಿಂತರು. ಗಾಲಿಗಳಿಗಿಂತ ಹೆಚ್ಚು ಹೊತ್ತು.

“ಬಿಸಿ ಅದ ಏನ್ರಿ?” ಕಾಕು ಕೇಳಿದರು.

“ಇಲ್ಲ. ಆರಾಮ ಅದ,” ಎಂದು ಕಾಕಾ ಕೈ ಚಾಚಿದರು. “ಇಳಿ. ಗಂಗಾ ನೋಡೋಣು.”