ಐಸಿಯು ಪರೀಕ್ಷೆಗೆ ಗಂಡನೇ ಪೇಷಂಟ್

ಪರೀಕ್ಷೆಯೆಂದರೆ ನನಗೆ ಭಯವೇ ಇಲ್ಲ. ಈ ಸಲದ್ದಂತೂ ದೊಡ್ಡ ಪರೀಕ್ಷೆ, ಐಸಿಯು ನರ್ಸುಗಳ ಉನ್ನತ ತರಬೇತಿಯ ಕೊನೆಯ ಪ್ರಾಕ್ಟಿಕಲ್. ಪಾಸಾದರೆ ಕೂಡ್ಲಿಗಿಯ ನಮ್ಮ ಆಸ್ಪತ್ರೆಯ ಹೊಸ ಐಸಿಯುಗೆ ಹೋಗುತ್ತೇನೆ, ಫೇಲಾದರೆ ನೆಗಡಿ-ಜ್ವರದ ವಾರ್ಡಿನಲ್ಲೇ ಇಂಜೆಕ್ಷನ್ ಚುಚ್ಚುತ್ತಾ ಇರುತ್ತೇನೆ. ಪರೀಕ್ಷೆ ಸೋಮವಾರ. ಭಾನುವಾರ ಮಧ್ಯಾಹ್ನ ನನ್ನಲ್ಲಿ ವಿದ್ಯೆ ತುಂಬಿ ತುಳುಕುತ್ತಿತ್ತು. ಕೊರತೆ ಇದ್ದದ್ದು ಒಬ್ಬ ಪೇಷಂಟಿನದು ಮಾತ್ರ!

ನನ್ನ ಗಂಡ ಕೋಟ್ರೇಶ್ ತಮ್ಮ ಮೋಟಾರ್ ರಿವೈಂಡಿಂಗ್ ಅಂಗಡಿಗೆ ರಜೆ ಕೊಟ್ಟು, ರೊಟ್ಟಿ ಉಂಡು, ಪಡಸಾಲೆಯ ಮಂಚದ ಮೇಲೆ ಕಾಲು ಚಾಚಿದ್ದರು.

"ರೀ, ಸ್ವಲ್ಪ ಹೊತ್ತು ಎಚ್ಚರ ತಪ್ರಿ," ಅಂದೆ.

"ಉಂಡ ಮ್ಯಾಲೆ ನನಗ ಅದಽ ಕೆಲಸ."

"ಯಾರು ಕರೆದ್ರೂ ಕಣ್ಣು ತೆರೀಬಾರ್ದು, ನಾ ಕರೆದ್ರೂ ತೆರೀಬಾರ್ದು. ಪೇಷಂಟ್ ಕಡೆಯವ್ರು ಅಳ್ತಾರ, ಗದ್ದಲ ಮಾಡ್ತಾರ, ನಿಮಗೇನೂ ಗೊತ್ತಾಗಲ್ಲ. ಎಲ್ಲಾ ಮುಗಿಸಿ ನಾ ಚಾ ತಂದಾಗ ಏಳ್ರಿ."

ಮದುವೆಯಾದಂದಿನಿಂದ ನನ್ನ ಒಂದು ಮಾತನ್ನೂ ಕೇಳದ ಈ ಮನುಷ್ಯ, ಅಂದೇ ಕೇಳಬೇಕೆಂದು ತೀರ್ಮಾನಿಸಿಬಿಟ್ಟರು!

ಕ್ಯಾಲೆಂಡರಿನ ಮೊಳೆಗೆ ಖಾಲಿ ಸಲೈನ್ ಬಾಟಲಿ ತೂಗುಹಾಕಿ, ಅದರ ಪೈಪನ್ನು ಅವರ ಕೈಗೆ ಪ್ಲಾಸ್ಟರ್‌ನಿಂದ ಅಂಟಿಸಿದೆ. ಎಚ್ಚರವಿಲ್ಲದ ಪೇಷಂಟಿಗೂ ಎಲ್ಲವನ್ನೂ ಹೇಳಿಯೇ ಮಾಡಬೇಕು ಎಂದು ನಮಗೆ ಕಲಿಸಿದ್ದರು. ಹೇಳಿದೆ. ವಾರ್ಡಿನಲ್ಲಿ ಪಳಗಿದ ಗಂಟಲು ನನ್ನದು.

"ಕೋಟ್ರೇಶಪ್ಪಾರ, ನಾನು ನರ್ಸ್ ಗಿರಿಜಾ! ನೀವು ಐಸಿಯುದಾಗ ಅದೀರಿ! ಉಸಿರಾಟಕ್ಕ ಮಷೀನ್ ಹಚ್ಚೀವಿ, ಹೆದರಬ್ಯಾಡ್ರಿ!"

ಬಾಗಿಲು ತೆರೆದೇ ಇತ್ತು. ಕಾಯಿಲೆಯವರನ್ನು ಮಾತಾಡಿಸದೆ ಮುಂದೆ ಹೋಗುವ ಪದ್ಧತಿ ನಮ್ಮ ಓಣಿಯಲ್ಲಿಲ್ಲ. ಪಕ್ಕದ ಮನೆಯ ರಹಿಮತ್‌ಬಿ ಚಾಚಿ ಹಿಟ್ಟು ಮೆತ್ತಿದ ಕೈಯಲ್ಲೇ ಓಡಿಬಂದರು. ಹಿಂದೆಯೇ ಓಣಿಯವರೆಲ್ಲ ಬಂದರು, ಎಳನೀರು ಬಂತು, ಬ್ರೆಡ್ಡು ಬಂತು, ಉಜ್ಜಿನಿ ಮಠದ ವಿಭೂತಿ ಬಂದು ಪೇಷಂಟಿನ ಹಣೆಗೇರಿತು.

"ಯಾ ಅಲ್ಲಾ! ಏನಾತವ್ವ?"

"ಏನೂ ಆಗಿಲ್ಲ ಚಾಚಿ, ಇದು ಬರೀ ಪ್ರಾಕ್ಟೀಸು."

"ಪಾಪ, ದುಃಖಕ್ಕ ಏನೇನೋ ಮಾತಾಡಾಕತ್ಯಾಳ," ಎಂದರು ಹಿಂದೆ ನಿಂತವರು.

"ಹಂಗಾರ ಎಬ್ಬಿಸು ನೋಡೋಣು," ಎಂದರು ಚಾಚಿ.

"ರೀ, ಏಳ್ರಿ." ಏಳಲಿಲ್ಲ. "ಸಾಕು, ಏಳ್ರಿ ಅಂದ್ರ!" ಊಹೂಂ. ಅವರ ಕೈ ಎತ್ತಿ ಬಿಟ್ಟೆ. ಧೊಪ್ಪೆಂದು ಬಿತ್ತು. ಚಾಚಿ ಹೋ ಎಂದು ಅತ್ತರು. ನಿಜವಾಗಿಯೂ ಏನಾದರೂ ಆಗಿಬಿಟ್ಟಿದ್ದರೆ? ಕಲಿತದ್ದೆಲ್ಲ ಆ ಕ್ಷಣವೇ ತಲೆಯಿಂದ ಹಾರಿಹೋಯಿತು. ಅಳುವುದರಲ್ಲಿ ಚಾಚಿಯನ್ನೂ ಮೀರಿಸಿದೆ!

ಚಾಚಿಯ ಮಗ ಬಾಬು ಮೆಕ್ಯಾನಿಕ್. ರಿಪೇರಿಗೆ ಬಂದಿದ್ದ ಲಗೇಜ್ ಆಟೋ ತಂದು, ಪೇಷಂಟನ್ನು ಗಾದಿ ಸಮೇತ ಅದಕ್ಕೆ ಏರಿಸಿದ. ಆಟೋದಲ್ಲಿ ಉಳಿದಿದ್ದ ಈರುಳ್ಳಿ ಸಿಪ್ಪೆಯ ನಡುವೆ ನಾನು ಸಲೈನ್ ಬಾಟಲಿ ಎತ್ತಿ ಹಿಡಿದು ಕೂತೆ, ಓಣಿಯವರೆಲ್ಲ ಹಿಂದೆಯೇ ಹೊರಟರು. ಬಾಟಲಿಯಲ್ಲಿ ಹನಿ ನೀರಿಲ್ಲ ಎಂಬುದೂ ನನಗೆ ನೆನಪಿರಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಯಾರು ನಿಂತಿರಬೇಕು? ಮರುದಿನದ ಪರೀಕ್ಷೆಗೆ ತಯಾರಿ ಮಾಡಲು ಬಂದಿದ್ದ ನಮ್ಮ ತರಬೇತಿಯ ಮೇಡಂ!

"ಸಿಸ್ಟರ್, ನಾಡಿ ನೋಡಿದ್ರೇನು?"

"ಇಲ್ರಿ."

"ಉಸಿರು?"

"ಇಲ್ರಿ."

"ಮತ್ತೇನು ನೋಡಿದ್ರಿ?"

"ಮುಖ ನೋಡಿದ್ನಿರಿ," ಎಂದು ಬಿಕ್ಕಿದೆ.

ಮೇಡಂ ಬಗ್ಗಿ ಉಸಿರು ನೋಡಿದರು. ಆಮೇಲೆ, ಮೊದಲ ದಿನ ನಮಗೆ ಕಲಿಸಿದ್ದಂತೆಯೇ, ಎಚ್ಚರವಿದೆಯೇ ಎಂದು ತಿಳಿಯಲು ಪೇಷಂಟಿನ ಭುಜದ ಮಾಂಸಖಂಡ ಹಿಡಿದು ಬಲವಾಗಿ ಹಿಂಡಿದರು.

"ಯಪ್ಪೋ!" ಪೇಷಂಟ್ ಎದ್ದು ಕೂತರು. ಸುತ್ತ ನೋಡಿ, "ಚಾ ಎಲ್ಲಿ?" ಎಂದರು.

"ಜೀವ ಇಟ್ಕೊಂಡು ಹಿಂಗ ಮಲಗ್ತಾರೇನ್ರಿ?" ಎಂದು ಚೀರಿದೆ.

"ಅಳ್ತಾರ, ಗದ್ದಲ ಮಾಡ್ತಾರ ಅಂತ ನೀನಽ ಹೇಳಿದ್ದಿಯಲ್ಲ. ಲಗೇಜ್ ಆಟೋನೂ ಪ್ರಾಕ್ಟೀಸಿನಾಗ ಬರ್ತೈತಿ ಅನ್ಕೊಂಡು ಸುಮ್ನಿದ್ದೆ!"

ಇಡೀ ಓಣಿಯ ಎದುರು ಅಳುತ್ತಲೇ ನಕ್ಕೆ. ಗಂಡ ಬದುಕಿದ್ದಾರೆ ಎಂಬ ಖುಷಿಯ ಮುಂದೆ ಮಾನ ಹೋದದ್ದು ದೊಡ್ಡದೆನಿಸಲಿಲ್ಲ.

"ನಾಳೆ ಪರೀಕ್ಷೆಗೆ ಗೊಂಬಿ ಇಟ್ಟೀನಿ. ಗಂಡನ್ನ ಮನ್ಯಾಗಽ ಬಿಟ್ಟು ಬರ್ರಿ," ಎಂದರು ಮೇಡಂ.

ಮರುದಿನ ಗೊಂಬೆಯ ನಾಡಿ, ಉಸಿರು ಎರಡನ್ನೂ ಮೊದಲೇ ನೋಡಿದೆ. ಪಾಸಾದೆ! ಐಸಿಯು ಸಿಕ್ಕಿತು. ಓಣಿಗೆಲ್ಲ ಪೇಢೆ ಹಂಚುತ್ತಾ, "ನಿಮಗ ಏನಽ ಆದ್ರೂ ಹೆದರಬ್ಯಾಡ್ರಿ, ನಾ ಅದೀನಿ," ಎಂದು ಬೀಗಿದೆ.

"ಹೌದ್ರಿ, ನಿಮಗೇನಾದ್ರೂ ಆದ್ರ ಮೊದಲು ಈಕೀನ್ನ ಕರೀರಿ," ಎಂದರು ಪಕ್ಕದಲ್ಲಿ ನಿಂತಿದ್ದ ನನ್ನವರು. "ನನಗೇನಾದ್ರೂ ಆದ್ರ ಮಾತ್ರ ಮೊದಲು ಈಕೀನ್ನ ಹೊರಗ ಕಳಸ್ರಿ!"

ಎಲ್ಲರಿಗಿಂತ ಮೊದಲು ಹೌದೆಂದು ತಲೆಯಾಡಿಸಿದವಳು ನಾನೇ.